ಅವರ ಹೆಸರಿನ ಲಾಗಿನ್

ಮಳೆ ಬಿದ್ದ ದಿನ ಹಳೆಯ ಕಂಪ್ಯೂಟರ್ ಚಾಲೂ ಮಾಡಿದರೆ ಒಂದು ವಾಸನೆ ಬರುತ್ತದೆ. ಒಳಗೆ ಕೂತ ಧೂಳು ತೇವ ಕುಡಿದಿರುತ್ತದೆ. ಫ್ಯಾನು ತಿರುಗಿ ಡಬ್ಬಿ ಬಿಸಿಯಾದಂತೆ ಅದು ಮೂಗಿಗೆ ಹೊಡೆಯುತ್ತದೆ. ನಮ್ಮ ಕಡೆಯ ಧೂಳೆಂದರೆ ಬರೀ ಮಣ್ಣಲ್ಲ. ಅರ್ಧ ಸಿಮೆಂಟು, ಅರ್ಧ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಹುಡಿ. ಬಿಸಿ ಹಂಚಿನ ಮೇಲೆ ಒದ್ದೆ ಗೋಣಿತಾಟು ಹಾಕಿದ ಹಾಗಿನ ವಾಸನೆ ಅದು.

ಕಳೆದ ತಿಂಗಳು ಚಿತ್ತಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗ ಮಳೆ ರಪರಪ ಹೊಡೆಯಿತು. ಸೀರೆ ಎತ್ತಿ ಹಿಡಿದು ಓಡಿ, ಸಿಕ್ಕ ಪಡಸಾಲೆಯಲ್ಲಿ ನಿಂತೆ. ನಿಂತ ಮೇಲೆ ನೋಡಿದರೆ ಅದು ನಮ್ಮ ಹಳೆಯ ಕಚೇರಿ. ಯಾವ ಕಚೇರಿ ಅಂತ ಹೇಳುವುದಿಲ್ಲ. ಪಾಪ, ಅಲ್ಲಿದ್ದವರು ಇನ್ನೂ ನೌಕರಿಯಲ್ಲಿದ್ದಾರೆ. ಕಿಟಕಿಯೊಳಗೆ ಯಾರೋ ಸ್ವಿಚ್ ಒತ್ತಿದರು, ಆ ವಾಸನೆ ಬಂತು. ಮಳೆ ನಿಲ್ಲುವ ತನಕ ಅಲ್ಲೇ ನಿಂತೆ, ಬೇರೆ ದಾರಿಯೂ ಇರಲಿಲ್ಲ.

ನನ್ನ ಗಂಡ ರೇವಣಸಿದ್ದಪ್ಪ ಆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಜನವರಿಯಲ್ಲಿ, ಎಳ್ಳಮಾಸಿ ಮುಗಿದ ವಾರ, ತೊಗರಿ ರಾಶಿಯ ದಿನಗಳಲ್ಲಿ, ಯಾವುದೋ ಕೆಲಸಕ್ಕೆ ಶಹಾಬಾದಕ್ಕೆ ಹೋದವರು ವಾಪಸ್ ಬರುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡರು. ಬಸ್ಸು ಊರು ಮುಟ್ಟಿತು, ಅವರು ಮುಟ್ಟಲಿಲ್ಲ. ಅನುಕಂಪದ ಮೇಲೆ ಅದೇ ಕಚೇರಿಯಲ್ಲಿ ನನಗೆ ನೌಕರಿ ಸಿಕ್ಕಿತು. ಇಂಥ ಫೈಲುಗಳು ವರ್ಷಗಟ್ಟಲೆ ಕೊಳೆಯುತ್ತವಂತೆ. ನನ್ನದು ಯಾರ ಪುಣ್ಯವೋ ಜಲ್ದಿ ಓಡಿತು. ಮುಂಗಾರಿನ ಮೊದಲ ಮಳೆ ಬಿದ್ದಾಗ ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಕೆಲಸ ಖಾಯಂ ಆಗಲು ಮಾತ್ರ ಇನ್ನೂ ದೂರವಿತ್ತು. ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು, ಕೆಲಸ ಮಾಡಿ ತೋರಿಸಬೇಕು. ಮಗಳು ಅಕ್ಷತಾ ಏಳನೆಯ ಇಯತ್ತೆಯಲ್ಲಿದ್ದಳು. ಬೇರೆ ಆಧಾರ ಅಂತ ನಮಗೆ ಏನೂ ಇರಲಿಲ್ಲ.

ಆ ವರ್ಷ ನಿನಗೆ ಏನಾಗಿತ್ತು ಅಂತ ಯಾರಾದರೂ ಕೇಳಿದರೆ, ಏನೂ ಆಗಿರಲಿಲ್ಲ ಅನ್ನಬೇಕು. ಅಳು ಬರುತ್ತಿರಲಿಲ್ಲ, ಹಸಿವಾಗುತ್ತಿರಲಿಲ್ಲ. ಖಾರ ಹೆಚ್ಚಾದರೂ ಗೊತ್ತಾಗುತ್ತಿರಲಿಲ್ಲ, ಉಪ್ಪು ಬಿಟ್ಟರೂ ಗೊತ್ತಾಗುತ್ತಿರಲಿಲ್ಲ. ನೆರೆಹೊರೆಯವರು ಬಂದು ನನ್ನ ಮುಖ ನೋಡಿ, ಇವಳು ಗಟ್ಟಿ ಹೆಣ್ಣುಮಗಳು ಅಂತ ಹೇಳಿಕೊಂಡು ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕಾಲು ಜೋಮು ಹಿಡಿದಾಗ ನೆಲ ತಾಗಿದ್ದು ತಿಳಿಯುವುದಿಲ್ಲವಲ್ಲ, ಹಾಗಿದ್ದೆ ಅಷ್ಟೆ.

ಮೊದಲ ದಿನ ನನಗೆ ಕೆಲಸ ಹೇಳಿಕೊಟ್ಟವರು ಪಕ್ಕದ ಟೇಬಲಿನ ಮೆಹಬೂಬ್ ಸಾಬರು. ನನ್ನ ಗಂಡನ ದೋಸ್ತರು, ಇಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು. ನನ್ನನ್ನು ಮೊದಲಿನಿಂದಲೂ ವೈನಿ, ಅಂದರೆ ಅತ್ತಿಗೆ, ಅಂತಲೇ ಕರೆಯುತ್ತಿದ್ದರು.

"ಇದಕ್ಕ ಅಂಜಬ್ಯಾಡ್ರಿ ವೈನಿ," ಅಂದರು. "ನೀವು ಹಳ್ಳ್ಯಾಗ ನೀರು ಸೇದೀರಿಲ್ಲ? ಇದೂ ಹಂಗೇ. ಈ ಡಬ್ಬಿ ಅಂದ್ರ ಬರೀ ಕೊಡ. ಬಾವಿ ಬೆಂಗಳೂರಾಗ ಅದ, ಅದಕ್ಕ ಸರ್ವರ್ ಅಂತಾರ. ಈ ವಾಯರ್ ಅದಲ್ಲ, ಇದು ಹಗ್ಗ."

ನಾನು ಅಲ್ಲಿಯ ತನಕ ಟೇಬಲಿನ ಕೆಳಗೆ ಮಿಣಮಿಣ ಅನ್ನುವ ಪೆಟ್ಟಿಗೆಯೇ ಸರ್ವರ್ ಅಂದುಕೊಂಡಿದ್ದೆ. ಅದು ರೌಟರ್, ಹಗ್ಗದ ರಾಟೆ ಅಂತ ತಿಳಿಯಿತು. ಸಾಬರ ಮಾತು ನನ್ನ ತಲೆಯಲ್ಲಿ ಎಷ್ಟು ಚೆನ್ನಾಗಿ ಕೂತಿತೆಂದರೆ, ಮುಂದೆ ನೆಟ್ ಹೋದಾಗಲೆಲ್ಲ ಕಚೇರಿಯಲ್ಲಿ "ಹಗ್ಗ ಹರೀತು" ಅನ್ನುವುದೇ ರೂಢಿಯಾಯಿತು.

ಆಮೇಲೆ ಲಾಗಿನ್ನಿನ ಮಾತು ಬಂತು. ಪರದೆಯ ಮೇಲೆ ಬಳಕೆದಾರರ ಹೆಸರು ಅಂತ ಒಂದು ಚೌಕ, ಅದರಲ್ಲಿ ನನ್ನ ಗಂಡನ ಹೆಸರು ಮೊದಲೇ ಕೂತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಸಾಬರು ಗಂಟಲು ಸರಿ ಮಾಡಿಕೊಂಡರು.

"ಒಂದು ಹುದ್ದೆಗೆ ಒಂದೇ ಐಡಿ ವೈನಿ. ನಿಮ್ಮ ಹೆಸರಲೆ ಹೊಸಾದು ಮಾಡಬೇಕಂದ್ರ ಮೊದಲು ಅವಂದು ಬಂದ್ ಮಾಡ್ಬೇಕಾಗ್ತದ. ನಮ್ಮ ಕೈ ಹ್ಯಾಂಗ ಬರ್ತದ? ಸಾಹೇಬ್ರಿಗೂ ಕೇಳೀನಿ, ವರ್ಷ ತುಂಬಲಿ ಬಿಡು ಅಂದಾರ. ಲಾಗಿನ್ ಅಂದ್ರ ಕುರ್ಚಿ ಇದ್ದಂಗರಿ. ಯಾರು ಕುಂತರೂ ಕೆಲಸ ನಡೀತದ."

ನಾನು ಹೂಂ ಅಂದೆ. ಈ ಮಾತು ನನಗೆ ವಿಚಿತ್ರ ಅನಿಸಲೇ ಇಲ್ಲ. ಯಾಕೆಂದರೆ ಗಂಡನ ಊರು ತೆಂಗಳಿಯಲ್ಲಿ ನನ್ನ ಅತ್ತೆಯೂ ಹೀಗೇ ಮಾಡಿದ್ದರು. ಮಣ್ಣು ಮಾಡಿ ಬಂದ ದಿನ, ಬಾಗಿಲ ಪಕ್ಕದ ಗೂಟಕ್ಕೆ ನೇತುಬಿದ್ದಿದ್ದ ಮಗನ ಟವೆಲ್ಲನ್ನು ಯಾರೋ ತೆಗೆಯಲು ಹೋದರೆ, "ವರ್ಷ ತುಂಬೋ ತನಕ ಅದನ್ನ ಯಾರೂ ಮುಟ್ಟಂಗಿಲ್ಲ" ಅಂತ ಗದರಿದ್ದರು. ಆ ಮನೆಯಲ್ಲಿ ಹಿಂದಿನಿಂದ ಬಂದ ರೂಢಿ. ಮೈದುನ, ಅವನ ಹೆಂಡತಿ ಅಲ್ಲೇ ಇದ್ದರು, ಅವರೂ ಮುಟ್ಟಲಿಲ್ಲ. ಊರಿಗೆ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಆ ಗೂಟವನ್ನೇ. ಅಲ್ಲಿ ಟವೆಲ್, ಇಲ್ಲಿ ಲಾಗಿನ್.

ಪಾಸ್‌ವರ್ಡ್ ಸಾಬರಿಗೆ ಗೊತ್ತಿತ್ತು. ಊರಿನ ಹೆಸರು, ಮುಂದೆ ಒಂದು ಅಂಕಿ. ಮೂರ್ಮೂರು ತಿಂಗಳಿಗೆ ಅದನ್ನು ಬದಲಿಸಿ ಅಂತ ಕಂಪ್ಯೂಟರೇ ಜುಲುಮೆ ಮಾಡುತ್ತದೆ; ನನ್ನ ಗಂಡ ತಲೆ ಕೆಡಿಸಿಕೊಳ್ಳದೆ ಅಂಕಿಯನ್ನು ಒಂದೊಂದೇ ಏರಿಸುತ್ತ ಬಂದಿದ್ದರಂತೆ. ಮೊದಲ ದಿನವೇ ಪಾಸ್‌ವರ್ಡ್ ಹಳತಾಗಿದೆ, ಬದಲಿಸಿ ಅಂತ ಬಂತು. ನಾನು ಮುಂದಿನ ಅಂಕಿ ಹಾಕಿದೆ. ಗಂಡನಿಗೆ ಇನ್ನೊಂದು ಕಾಲಾವಧಿ ಸಿಕ್ಕಿತು.

ಒಳಗೆ ಹೋಗಲು ಅಷ್ಟೇ ಸಾಲದು, ಓಟಿಪಿ ಬೇಕು. ಓಟಿಪಿ ಬರುವುದು ಅವರ ಮೊಬೈಲಿಗೆ. ಮೂಲೆ ಒಡೆದ ಆ ಮೊಬೈಲು ಅಲಮಾರಿಯಲ್ಲಿತ್ತು. ಅದಕ್ಕೆ ರೀಚಾರ್ಜ್ ಮಾಡಿಸಿದೆ, ದಿನಾ ಚಾರ್ಜಿಗೆ ಹಚ್ಚಿದೆ, ಚೀಲದಲ್ಲಿ ಹಾಕಿಕೊಂಡು ಹೋದೆ. ಬೆಳಿಗ್ಗೆ ಕಚೇರಿಯಲ್ಲಿ ಕೂತು ಅವರ ಹೆಸರು ಒತ್ತಿದ ಕೂಡಲೇ ಚೀಲದೊಳಗೆ ಅದು ಗುರ್ ಅನ್ನುತ್ತಿತ್ತು. ದಿನವೊಂದಕ್ಕೆ ಅವರಿಗೆ ಬರುತ್ತಿದ್ದದ್ದು ಅದೊಂದೇ ಸುದ್ದಿ. ಅಂಕಿ ಹಾಕಿದರೆ ಪರದೆ ತೆರೆದುಕೊಂಡು "ಸ್ವಾಗತ, ರೇವಣಸಿದ್ದಪ್ಪ" ಅನ್ನುತ್ತಿತ್ತು. ನಾನು ಕೆಲಸ ಶುರು ಮಾಡುತ್ತಿದ್ದೆ.

ಒಂದು ದಿನ ಅಕ್ಷತಾ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು ಅಂದಳು, "ಅಪ್ಪನ ಮೊಬೈಲಿಗಿ ಚಾರ್ಜ್ ಹಚ್ಚೀದಿ. ನನ್ನ ಬಾಟ್ಲಿಗಿ ನೀರು ತುಂಬಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಬಾಟಲಿ ತುಂಬಿ ಕೊಟ್ಟೆ. ಅವಳು ಹೋದ ಮೇಲೆ ನನಗೆ ಏನಾದರೂ ಅನಿಸಬೇಕಿತ್ತು. ಅನಿಸಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ನನ್ನ ಕೆಲಸ ಪಿಂಚಣಿ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವುದು. ವಯಸ್ಸಾದವರದು, ಅಂಗವಿಕಲರದು, ಹೆಚ್ಚಾಗಿ ಗಂಡ ಸತ್ತ ಹೆಣ್ಣುಮಕ್ಕಳದು. ಅದರಲ್ಲಿ ಗಂಡನ ಮರಣ ದಿನಾಂಕ ಅಂತ ಒಂದು ಚೌಕ ಇರುತ್ತದೆ; ಅದನ್ನು ತುಂಬದೆ ಹೋದರೆ ಕೆಂಪಗಾಗಿ ಮುಂದೆ ಬಿಡುವುದಿಲ್ಲ. ಕಿಟಕಿಯ ಆಚೆ ಸೆರಗು ಹೊದ್ದು ನಿಂತವರು ತಾರೀಖು ನೆನಪಿಲ್ಲದೆ, "ಆ ವರ್ಷ ಭಾಳ ಮಳಿ ಆಗಿತ್ತಲ್ಲ ಯವ್ವಾ, ಅವಾಗ" ಅನ್ನುತ್ತಿದ್ದರು. ಸರ್ಟಿಫಿಕೇಟು ನೋಡಿ ಟೈಪ್ ಮಾಡುತ್ತಿದ್ದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಅವರಂತೆಯೇ ಇದ್ದ ನನ್ನನ್ನು ನೋಡಿ ಕೆಲವರು ನಿಟ್ಟುಸಿರು ಬಿಡುತ್ತಿದ್ದರು. ನನಗೆ ಆ ಅಂಕಿಗಳು ಬರೀ ಅಂಕಿಗಳು. ಬೆರಳು ತಾನೇ ಓಡುತ್ತಿತ್ತು.

ಆ ಮಳೆಗಾಲ ಹಗ್ಗ ಹರಿಯುತ್ತಲೇ ಇತ್ತು. ವಾಡಿ ಕಡೆ ರಸ್ತೆ ಅಗೆದರೆ ಕೇಬಲ್ ತುಂಡು, ಕಲ್ಲಿನ ಲಾರಿ ಕಂಬಕ್ಕೆ ತಾಗಿದರೆ ತುಂಡು. ಜನ ಬೈಯುತ್ತ ಮಳೆಯಲ್ಲಿ ನಿಲ್ಲುತ್ತಿದ್ದರು. ಆ ಹೊತ್ತಿಗೆ ಸಾಬರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ತಗೋರಿ ವೈನಿ, ಬದನಿಕಾಯಿ ಪಲ್ಯ. ನಮ್ಮ ಮನಿಯಾಕಿ ನಿಮ್ಮ ಸಲುವಾಗಿ ಬ್ಯಾರೆ ಬೋಗಾಣ್ಯಾಗ ಮಾಡ್ಯಾಳ. ಖರೇನೆ ಬರೇ ಪಲ್ಯ ಅದ, ಬೇಕಾದ್ರ ಚಮಚಾ ಹಾಕಿ ಹುಡುಕ್ರಿ."

"ಹಸಿವಿಲ್ರಿ."

"ದಿನಾ ಅದೇ ಅಂತೀರಿ. ನಾಳೆ ಕೇಳಲ್ಲ ನೋಡ್ರಿ ಮತ್ತ."

ನಾಳೆಯೂ ಕೇಳುತ್ತಿದ್ದರು. ನಾನು ತಂದ ರೊಟ್ಟಿ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು.

ಶ್ರಾವಣ ಮುಗಿಯುವಾಗ ಒಂದು ಮಧ್ಯಾಹ್ನ ಸಿಡಿಲು ಬಿತ್ತು. ಗುಡುಗಿದ ಕೂಡಲೇ ಎಲ್ಲರೂ ವಾಯರ್ ಕೀಳುವುದು ನಮ್ಮ ಕಚೇರಿಯ ಕಾಯಿದೆ. ಆವತ್ತು ನಾನು ಹೊರಗೆ ಯಾರದೋ ಸರ್ಟಿಫಿಕೇಟು ನೋಡುತ್ತಿದ್ದೆ. ಒಳಗೆ ಬಂದರೆ ಪರದೆ ಕಪ್ಪು, ಡಬ್ಬಿಯಿಂದ ಸುಟ್ಟ ವಾಸನೆ. ಇಷ್ಟು ತಿಂಗಳು ಟೈಪ್ ಮಾಡಿದ್ದು ಹೋಯಿತು, ಅವರು ವರ್ಷಗಟ್ಟಲೆ ಮಾಡಿದ್ದೂ ಹೋಯಿತು, ಎಲ್ಲಾ ಅದರೊಳಗೇ ಇತ್ತು ಅಂತ ತಿಳಿದೆ. ಸಾಬರು ಬೇರೆ ಟೇಬಲಿನ ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿದರು.

"ಕೊಡ ಒಡೀತರಿ, ಬಾವಿ ಬತ್ತ್ಯದೇನು? ಹಾಕ್ರಿ ಹೆಸರು."

ಹಾಕಿದೆ. ಚೀಲದಲ್ಲಿ ಮೊಬೈಲು ಗುರ್ ಅಂದಿತು. "ಸ್ವಾಗತ, ರೇವಣಸಿದ್ದಪ್ಪ." ಒಂದು ಅಕ್ಷರ ಹೋಗಿರಲಿಲ್ಲ. ಡಬ್ಬಿ ಸತ್ತರೂ ಹೆಸರು ಸಾಯುವುದಿಲ್ಲ, ಹೆಸರು ಇರುವ ಜಾಗವೇ ಬೇರೆ ಅಂತ ನನಗೆ ಆವತ್ತು ಅರ್ಥವಾಯಿತು. ಕಂಪ್ಯೂಟರಿನ ಬಗ್ಗೆ ನಾನು ನಿಜವಾಗಿ ಕಲಿತ ಮೊದಲ ಪಾಠ ಅದು. ಆ ಸಂಜೆ ಮನೆಗೆ ಹೋಗುವಾಗ ಎಷ್ಟೋ ತಿಂಗಳ ಮೇಲೆ ಒಂದು ತರಹದ ಸಮಾಧಾನವಾಗಿತ್ತು. ಅದು ಒಳ್ಳೆಯ ಸಮಾಧಾನ ಅಲ್ಲ ಅಂತ ಈಗ ಅನಿಸುತ್ತದೆ.

ದಸರೆಯ ಸುಮಾರಿಗೆ ಕಲಬುರಗಿಗೆ ಹೋಗಿ ಕಂಪ್ಯೂಟರ್ ಪರೀಕ್ಷೆ ಬರೆದೆ. ಒಂದು ಪ್ರಶ್ನೆ ಇನ್ನೂ ನೆನಪಿದೆ: ನಿಮ್ಮ ಪಾಸ್‌ವರ್ಡನ್ನು ಸಹೋದ್ಯೋಗಿ ಬಳಸಬಹುದೆ? ಯಾವ ಸಂದರ್ಭದಲ್ಲೂ ಬಾರದು ಅನ್ನುವುದಕ್ಕೆ ಗುರುತು ಹಾಕಿದೆ. ಸರಿಯುತ್ತರ. ಮರುದಿನ ಕಚೇರಿಗೆ ಬಂದು ಗಂಡನ ಹೆಸರು ಒತ್ತಿ ಕೂತೆ. ನಗು ಬರಬೇಕಿತ್ತಲ್ಲವೆ? ಪ್ರಶ್ನೆಪತ್ರಿಕೆಯ ಪಾಸ್‌ವರ್ಡು ಬೇರೆ, ನನ್ನ ಪಾಸ್‌ವರ್ಡು ಬೇರೆ ಅಂತಲೇ ನಾನು ತಿಳಿದಿದ್ದೆ. ಪರೀಕ್ಷೆ ಪಾಸಾಯಿತು, ಸಾಬರು ಎಲ್ಲರಿಗೂ ಚಹಾ ತರಿಸಿದರು.

ಚಳಿ ಬಿದ್ದ ಮೇಲೆ ನಮ್ಮ ಸಾಹೇಬರಿಗೆ ವರ್ಗವಾಗಿ ಹೊಸ ಮೇಡಂ ಬಂದರು. ತುಮಕೂರು ಕಡೆಯವರು, ಮಾತು ಕಡಿಮೆ, ಕಣ್ಣು ಚುರುಕು. ಜನವರಿಯ ಒಂದು ಬೆಳಿಗ್ಗೆ ಕೈಯಲ್ಲಿ ಒಂದು ಪ್ರಿಂಟು ಹಿಡಿದು ಹೊರಗೆ ಬಂದರು. ಯಾರು ಯಾರು ಎಷ್ಟು ಕೆಲಸ ಮಾಡಿದ್ದಾರೆ ಅಂತ ಸರ್ವರಿನಿಂದಲೇ ತೆಗೆದದ್ದು.

"ಈ ರೇವಣಸಿದ್ದಪ್ಪ ಅನ್ನೋರು ಯಾರು?" ಅಂದರು. "ಇಡೀ ಆಫೀಸಲ್ಲಿ ಇವರಷ್ಟು ಕೆಲಸ ಯಾರೂ ಮಾಡಿಲ್ಲ. ಕರೀರಿ ಅವರನ್ನ, ಭೇಟಿ ಆಗ್ಬೇಕು."

ಮೆಹಬೂಬ್ ಸಾಬರು ಎದ್ದು ನಿಂತರು. "ಮೇಡಂ, ಅವ್ರು ಇಲ್ರಿ."

"ಇಲ್ಲ ಅಂದ್ರೆ? ರಜಾನಾ? ಈಗ ತಾನೇ ಲಾಗಿನ್ ಆಗಿದಾರಲ್ಲ."

ನಾನೂ ಎದ್ದೆ. "ನಾನ್ರಿ ಮೇಡಂ. ಅವ್ರ ಮನಿಯಾಕಿ."

"ಸರಿ, ಅವರೆಲ್ಲಿ?"

ಬಾಯಿ ತೆರೆದೆ. ಆಗ ನನಗೆ ಹೊಳೆಯಿತು, ಒಂದು ವರ್ಷದಲ್ಲಿ ಆ ಮಾತನ್ನು ನಾನು ಒಂದು ಸಲವೂ ಹೇಳಿರಲಿಲ್ಲ. ಹೇಳುವ ಕೆಲಸವೇ ಬಿದ್ದಿರಲಿಲ್ಲ, ಎಲ್ಲಿ ಹೋದರೂ ನನಗಿಂತ ಮೊದಲು ಬೇರೆಯವರು ಹೇಳಿಬಿಡುತ್ತಿದ್ದರು. ಆವತ್ತೂ ಸಾಬರೇ ಹೇಳಿದರು.

ಮೇಡಂ ನಮ್ಮಿಬ್ಬರನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸತ್ತವರ ಐಡಿಲಿ ಏಳು ತಿಂಗಳು ಕೆಲಸ ಆಗಿದೆ. ನಿಮ್ಮ ಹೆಸರಿನ ಮುಂದೆ ನೋಡಿ, ಸೊನ್ನೆ. ಇದು ಮೇಲೆ ಹೋದ್ರೆ ನಿಮ್ಮ ನೌಕರಿ ಹೋಗುತ್ತೆ, ಹೇಳಿಕೊಟ್ಟ ಇವರದ್ದೂ ಉಳಿಯಲ್ಲ."

"ಲಾಗಿನ್ ಅಂದ್ರ ಕುರ್ಚಿ ಇದ್ದಂಗ ಅಂತ ತಿಳ್ಕೊಂಡಿದ್ದೆರಿ ಮೇಡಂ," ಅಂದರು ಸಾಬರು, ತಲೆ ತಗ್ಗಿಸಿ.

"ಕುರ್ಚಿ ಅಲ್ಲ ಸಾಬ್, ಅದು ಸಹಿ. ಸತ್ತವರ ಸಹಿ ಯಾರಾದ್ರೂ ಮಾಡ್ತಾರಾ?"

ಮೇಡಂ ನನ್ನ ಕಡೆ ತಿರುಗಿದರು. "ಒಂದು ದಾರಿ ಇದೆ. ಅವರ ಐಡಿ ಮುಚ್ಚಿ, ಅದರಲ್ಲಿ ಮರಣದ ದಿನಾಂಕ ಹಾಕಿ. ಆ ದಿನಾಂಕದ ಆಚೆಯದ್ದೆಲ್ಲ ಅವರು ಮಾಡಿರೋಕೆ ಸಾಧ್ಯ ಇಲ್ಲ, ಅದು ನಿಮ್ಮದೇ ಅಂತ ಉಳಿದವರ ಹೇಳಿಕೆ ತಗೊಂಡು ನಾನು ಬರೆದು ಕಳಿಸ್ತೀನಿ. ತಪ್ಪಿಗೆ ನೋಟಿಸ್ ಬರಬಹುದು, ಬರಲಿ. ನೌಕರಿ ಉಳಿಯುತ್ತೆ. ಆದ್ರೆ ಸೋಮವಾರದೊಳಗೆ ಆಗ್ಬೇಕು."

"ವರ್ಷ ತುಂಬಲಿಕ್ಕ ಇನ್ನಾ ಸ್ವಲ್ಪ ದಿನ ಅವರಿ," ಅಂದೆ ನಾನು.

ಅವರಿಗೆ ಅರ್ಥವಾಗಲಿಲ್ಲ. ಅವರದ್ದೇನು ತಪ್ಪು? ಅನುಕಂಪದ ನೌಕರಿಗಾಗಿ ಮರಣದ ಸರ್ಟಿಫಿಕೇಟು ಕೊಟ್ಟವಳು ನಾನೇ. ನೌಕರಿ ಕೊಟ್ಟ ಶಾಖೆಗೆ ಗಂಡ ಸತ್ತದ್ದು ಗೊತ್ತು, ಈ ಸರ್ವರಿಗೆ ಗೊತ್ತಿಲ್ಲ. ಎರಡೂ ಸರ್ಕಾರದ್ದೇ, ನಡುವೆ ಹಗ್ಗ ಇರಲಿಲ್ಲ.

ಮರುದಿನ ಯಾರಿಗೂ ಹೇಳದೆ ಕಾಳಗಿ ಬಸ್ಸು ಹತ್ತಿ ತೆಂಗಳಿಗೆ ಹೋದೆ. ಅತ್ತೆಯ ಅಪ್ಪಣೆ ಕೇಳಬೇಕಿತ್ತು. ಬೇಡ ಅಂದರೆ ಏನು ಮಾಡುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಬೇಡ ಅಂದರೆ ಸಾಕು ಅಂತಲೂ ಒಂದು ಮನಸ್ಸು. ಮನೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕಣ್ಣು ಗೂಟದ ಕಡೆ ಹೋಯಿತು.

ಗೂಟ ಖಾಲಿ ಇತ್ತು.

ಹೊಲದ ಕಡೆ ನಡೆದೆ. ತೊಗರಿ ರಾಶಿ ನಡೆದಿತ್ತು. ಮಷಿನ್ ಗರಗರ ಅಂದು ಹೊಟ್ಟು ಉಗುಳುತ್ತಿತ್ತು, ಮೈದುನ ಕಟ್ಟು ಎತ್ತಿ ಹಾಕುತ್ತಿದ್ದ. ಧೂಳಿನ ನಡುವೆ ಅತ್ತೆ ಚೀಲ ಹಿಡಿದು ನಿಂತಿದ್ದರು. ತಲೆ, ಮೂಗು, ಬಾಯಿಗೆಲ್ಲ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಿದ್ದದ್ದು ಅವರ ಮಗನ ಟವೆಲ್ಲು. ನನ್ನನ್ನು ನೋಡಿದ ಕೂಡಲೇ ಅವರ ಕೈ ಅಲ್ಲಿಗೆ ಹೋಯಿತು, ಬಿಚ್ಚಲೋ ಬೇಡವೋ ಅಂತ ನಿಂತುಬಿಟ್ಟರು. ಆಮೇಲೆ ನನ್ನನ್ನು ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಬಂದರು.

"ಸುದ್ದಿ ಇಲ್ದ ಬಂದ್ಯಲ್ಲ ಯವ್ವಾ."

"ಟವೆಲ್ ಯಾವಾಗ ತೆಗದ್ರಿ ಅತ್ತಿ?"

"ಮಳಿಗಾಲದಾಗೇ ತೆಗದೆ. ಧೂಳ ಕುಂತು ಕಪ್ಪಾಗಿತ್ತು, ನೋಡ್ಲಿಕ್ಕ ಆಗ್ಲಿಲ್ಲ. ಒಗದೆ. ಒಗದ ಮ್ಯಾಲ ಮೆತ್ತಗಾಯ್ತು, ಸುತ್ಕೊಂಡೆ."

"ನಾ ಬಂದಾಗೆಲ್ಲ ಗೂಟಕ್ಕ ಇರ್ತಿತ್ತು."

"ನೀ ಬರೋ ಸುದ್ದಿ ತಿಳಿದ್ರ ಒಗದು ಗೂಟಕ್ಕ ಹಾಕ್ತಿದ್ದೆ. ಒಳಗ ಬಂದವಳೇ ಅದನ್ನ ನೋಡ್ತಿದ್ದಿ. ಅದು ಇಲ್ದಿದ್ರ ಈ ಹುಡುಗಿ ಏನಾಗ್ತಾಳೋ ಅಂತ ನನಗ ಅಂಜಿಕಿ."

"ನಾ ನಿಮ್ಮ ಸಲುವಾಗಿ ನೋಡ್ತಿದ್ದೆರಿ! ಮುಟ್ಟಂಗಿಲ್ಲ ಅಂತ ನೀವೇ ಅಂದಿದ್ರಿ."

"ಅಂದಿದ್ದೆ ಖರೆ. ಅವತ್ತು ಏನರೇ ಅನ್ನಬೇಕಾಗಿತ್ತು, ಅದನ್ನ ಅಂದೆ."

ನಾನು ಲಾಗಿನ್ನಿನ ಸಂಗತಿ ಹೇಳಿದೆ. ಸರ್ವರ್, ಓಟಿಪಿ ಎಲ್ಲ ಅವರಿಗೆ ಎಷ್ಟು ತಿಳಿಯಿತೋ, ನನ್ನ ನೌಕರಿ ಹೋಗುತ್ತದೆ ಅನ್ನುವುದು ಮಾತ್ರ ತಿಳಿಯಿತು. ಟವೆಲ್ಲಿನ ತುದಿಯಿಂದ ಕಣ್ಣೊಳಗಿನ ಹೊಟ್ಟು ಒರೆಸಿಕೊಂಡು ಕೇಳಿದರು, "ಅವನು ಇದ್ದಾನಂತ ಬರದದೇನು ಅದರಾಗ?"

"ಹೌದ್ರಿ."

"ತೆಗಿಯವ್ವಾ. ಇಲ್ಲದವನ ಕಡಿಂದ ಎಷ್ಟಂತ ದುಡಸ್ತೀರಿ?"

ಇಷ್ಟು ಹೇಳಿ ಎದ್ದು ಮತ್ತೆ ಚೀಲ ಹಿಡಿಯಲು ಹೋದರು. ನಾನು ಹೊತ್ತು ಇಳಿಯುವ ತನಕ ಅವರ ಜೊತೆ ಚೀಲ ಹಿಡಿದೆ. ಮೈಯೆಲ್ಲ ನವೆ ಎದ್ದಿತು. ನವೆ ಎದ್ದದ್ದು ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಕಲಬುರಗಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಮೇಡಂ ಒಳಗಿದ್ದರು, ಸಾಬರು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಆ ಕಡೆ ಒಬ್ಬ ಹೆಣ್ಣುಮಗಳು, ಚುರುಕಾದ ದನಿ. ಬಳಕೆದಾರರ ಹೆಸರು ಕೇಳಿದಳು, ಹೇಳಿದೆ.

"ಮೇಡಂ, ಇವ್ರದು ಜನವರಿಯಿಂದ ಜೂನ್ ತನಕ ಒಂದೂ ಎಂಟ್ರಿ ಇಲ್ಲ ನೋಡ್ರಿ. ಲೀವ್ ಮ್ಯಾಲ ಇದ್ರೇನ್ರಿ?"

ಸಾಬರು ಫೋನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ತೀರ್ಕೊಂಡಾರ."

"ಯಾರ್ರಿ?"

"ಇವ್ರೇ. ರೇವಣಸಿದ್ದಪ್ಪ. ನಮ್ಮ ಯಜಮಾನ್ರು."

ಆ ಕಡೆ ಕೀಲಿಮಣೆ ಒತ್ತಿದ ಸದ್ದು. ಆಮೇಲೆ ಮೆಲ್ಲಗೆ, "ಮತ್ತ ಜೂನ್‌ದಿಂದ ಕೆಲಸ ಮಾಡಿದವ್ರು ಯಾರ್ರಿ?"

"ನಾನು."

ಅವಳು ಹೇಳಿದಂತೆ ಒಂದೊಂದೇ ಒತ್ತುತ್ತ ಹೋದೆ. ಖಾತೆ ನಿಷ್ಕ್ರಿಯಗೊಳಿಸಲು ಕಾರಣ: ವರ್ಗಾವಣೆ, ನಿವೃತ್ತಿ, ರಾಜೀನಾಮೆ, ನಿಧನ. ಕೊನೆಯದನ್ನು ಒತ್ತಿದೆ. ಮರಣ ದಿನಾಂಕದ ಚೌಕ ತೆರೆಯಿತು, ದಿನಾ ನೋಡುವ ಅದೇ ಚೌಕ. ಎಷ್ಟೋ ಹೆಣ್ಣುಮಕ್ಕಳ ಗಂಡಂದಿರದ್ದನ್ನು ತುಂಬಿದ ಬೆರಳು ತಾನೇ ಓಡಲಿಲ್ಲ. ಅಂಕಿ ಒಂದೊಂದನ್ನೇ ಹುಡುಕಿ ಒತ್ತಬೇಕಾಯಿತು, ಮೊದಲ ದಿನ ಕಲಿತಂತೆ.

"ಈಗ ಒಂದು ಓಟಿಪಿ ಹೋಗ್ತದರಿ," ಅಂದಳು ಆ ಹುಡುಗಿ. ತಡವರಿಸಿದಳು. "ಅವ್ರ ನಂಬರಿಗೇ ಹೋಗ್ತದ. ಬಂದ್ ಮಾಡ್ಲಿಕ್ಕ ಅವ್ರ ಒಪ್ಪಿಗಿ ಬೇಕಾಗ್ತದ. ಸಿಸ್ಟಂ ಹಂಗೇ ಅದ, ತಪ್ಪು ತಿಳ್ಕೋಬ್ಯಾಡ್ರಿ ಮೇಡಂ."

ಚೀಲದೊಳಗೆ ಮೊಬೈಲು ಗುರ್ ಅಂದಿತು. ತೆಗೆದು ನೋಡಿದೆ. ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲು ಈ ಸಂಖ್ಯೆ ಬಳಸಿ, ಇದನ್ನು ಯಾರಿಗೂ ಹೇಳಬೇಡಿ ಅಂತ ಇತ್ತು. ಅವರು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನೋಡಿಕೊಂಡು ಒತ್ತಿದೆ.

ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿತು, ಅಷ್ಟೆ. ಸಾಬರು ಮುಖ ಆ ಕಡೆ ಮಾಡಿ ಕರವಸ್ತ್ರ ತೆಗೆದರು. ನನಗೆ ಅಳು ಬರಲಿಲ್ಲ, ಬಂದೀತು ಅಂತ ಕಾದೆ. ಸ್ವಲ್ಪ ಹೊತ್ತಿಗೆ ಹೊಸ ಐಡಿ ಆಯಿತು, ಈ ಸಲ ನನ್ನ ಮೊಬೈಲೇ ಸದ್ದು ಮಾಡಿತು. "ಸ್ವಾಗತ, ಜಗದೇವಿ." ಅವರ ಮೊಬೈಲು ಟೇಬಲಿನ ಮೇಲೆ ಸುಮ್ಮನೆ ಬಿದ್ದಿತ್ತು.

ಮುಂದೆ ನೋಟಿಸ್ ಬಂತು, ಉತ್ತರ ಬರೆದೆವು. ಸಾಬರದೂ ನನ್ನದೂ ನೌಕರಿ ಉಳಿಯಿತು. ನನ್ನದು ಖಾಯಂ ಆಗಿ, ಈಗ ಸೇಡಂಗೆ ವರ್ಗವೂ ಆಗಿದೆ. ಇದೆಲ್ಲ ಕಾಗದದಲ್ಲಿದೆ. ಕಳೆದ ತಿಂಗಳು ಆ ಪಡಸಾಲೆಯಲ್ಲಿ ಮಳೆ ನೋಡುತ್ತ ನಿಂತಾಗ ನನಗೆ ನೆನಪಾದದ್ದು ಆ ಸೋಮವಾರದ ಮಧ್ಯಾಹ್ನ. ಸಾಬರು ಡಬ್ಬಿ ಬಿಚ್ಚಿದರು, ಆವತ್ತು ನನ್ನನ್ನು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಪಲ್ಯದ ವಾಸನೆ ಬಂತು. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಹಸಿವು ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮೆಹಬೂಬ್ ಸಾಬ್, ಇವತ್ತು ಡಬ್ಬ್ಯಾಗ ಏನದರಿ?"

ಅವರು ನನ್ನನ್ನು ನೋಡಿದರು, ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಒಂದು ರೊಟ್ಟಿ ತಿಂದೆ, ಇನ್ನೊಂದು ತಿಂದೆ. ಗಂಡ ಇಲ್ಲ ಅಂತ ಬರೆದುಕೊಟ್ಟ ದಿನವೇ ಇಷ್ಟು ಹಸಿವೆ ಅಂತ ನಾಚಿಕೆಯಾಯಿತು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದಕ್ಕೆ ಕೈ ಹಾಕಿದೆ.